ಜಾಜ್ ಮೇಲೆ ಅತ್ತೆಯ ಮಾತು

ಗಲ್ಫಿನಲ್ಲಿದ್ದಾಗ ಅಲ್ ಹಿಲಾಲಿನ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಕ್ರೈಸ್ತರೊಬ್ಬರಿದ್ದರು. ಹಡಗು ಕಂಪನಿಯಲ್ಲಿ ಗುಮಾಸ್ತರು, ಐವತ್ತು ದಾಟಿದ ಬ್ರಹ್ಮಚಾರಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಒಂದೇ ಚಟ. ಜಾಜ್ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅಮೆರಿಕದಲ್ಲಿ ಹಾಡು ಕಟ್ಟುತ್ತಿದ್ದ ಒಬ್ಬ ಮನುಷ್ಯನ ಚಟ. ಆತ ಹಾಡಿದವನಲ್ಲ, ಹಾಡು ಕಟ್ಟಿ ಬೇರೆಯವರಿಗೆ ಕೊಟ್ಟವನು. ರೆಕಾರ್ಡಿನ ಮೇಲೆ ಹಾಡಿದವರ ಹೆಸರು ದಪ್ಪಕ್ಷರದಲ್ಲಿ, ಇವನದು ಅದರ ಕೆಳಗೆ ಇರುವೆ ಸಾಲಿನಂತೆ. ಆ ಇರುವೆ ಸಾಲಿನ ಬೆನ್ನು ಹತ್ತಿ ಮಹಡಿಯವರು ಬೊಂಬಾಯಿ, ಬಹರೈನು, ಲಂಡನ್ನಿನ ಪರಿಚಯದವರನ್ನೆಲ್ಲ ಪೀಡಿಸಿ ಕ್ಯಾಸೆಟ್ ತರಿಸುತ್ತಿದ್ದರು.

ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇದ್ದದ್ದು ನಮ್ಮ ಮನೆಯಲ್ಲಿ. ಹಾಗಾಗಿ ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ದೋಸೆ ಹುಯ್ಯುವ ಹೊತ್ತಿಗೆ ಸರಿಯಾಗಿ ಅವರು ಕಾಪಿ ಮಾಡಲು ಇಳಿದು ಬರುತ್ತಿದ್ದರು. ಮುಂದೆ ಹಾಡು, ಹಿಂದೆ ವ್ಯಾಖ್ಯಾನ. "ಇದು ಮೊನ್ನೆಯದೇ ಹಾಡು, ಆದರೆ ಬ್ಯಾಂಡು ಬೇರೆ. ಇಲ್ಲಿ ಪಿಯಾನೊದವ ಎಂತ ಮಾಡ್ತಾನೆ ನೋಡಿ."

ನನ್ನ ಗಂಡ ಅಡುಗೆಮನೆಗೆ ಬಂದು ಪಿಸುಗುಟ್ಟುತ್ತಿದ್ದರು. "ಟೇಪು ಸಿಕ್ಕಿಹಾಕ್ಕೊಂಡಿದೆ ಕಣೆ. ಆಗಿಂದ ಅದೇ ಬರ್ತಿದೆ."

"ಒಂದೇ ಕೃತೀನ ಹತ್ತು ಜನ ವಿದ್ವಾಂಸರು ಹಾಡಿದ್ರೆ ತಲೆದೂಗ್ತೀರಲ್ಲ, ಇದಕ್ಕೇನು ಬಂತು?" ಎನ್ನುತ್ತಿದ್ದೆ ನಾನು.

ನಿಜಕ್ಕೂ ನನಗೆ ಆ ಹಾಡುಗಳು ಹಿಡಿಸಿದ್ದವು. ಗಂಡ ಬಿಟ್ಟುಹೋದ ಎಂದು ಹೆಂಗಸು ಗೋಳಾಡುತ್ತಿದ್ದರೆ ಹಿಂದಿನವರು ಮದುವೆ ದಿಬ್ಬಣ ಹೊರಟವರಂತೆ ಬಾರಿಸುತ್ತಿದ್ದರು. ಅದರಲ್ಲಿ ಏನೋ ವಿವೇಕವಿದೆ ಎಂದು ನನಗನ್ನಿಸುತ್ತಿತ್ತು.

ಒಂದು ಶುಕ್ರವಾರ ಅವರು ಬಂದವರು ದೋಸೆಯ ಕಡೆ ನೋಡಲೂ ಇಲ್ಲ. ಕೈಯಲ್ಲಿ ಬೊಂಬಾಯಿಯಿಂದ ಬಂದ ಕ್ಯಾಸೆಟ್ ಇತ್ತು. ಮೊದಲ ಬದಿಯಲ್ಲಿ ಎಂದಿನ ಅಮೆರಿಕದ ಹಾಡುಗಳು. ಎರಡನೆಯ ಬದಿಯಲ್ಲಿ ಒಂದೇ ಒಂದು; ಅದನ್ನು ಊದಿದವರು ಅವರ ಅಪ್ಪ. ಹಿಂದೆ ಬೊಂಬಾಯಿಯ ಹೋಟೆಲ್ ಬ್ಯಾಂಡಿನಲ್ಲಿ ಕ್ಲ್ಯಾರಿನೆಟ್ ಊದುತ್ತಿದ್ದ ಅಪ್ಪನನ್ನು ರೆಕಾರ್ಡ್ ಕಂಪನಿಯವರು ಒಮ್ಮೆ ಕರೆಸಿ, ಆ ಅಮೆರಿಕದವನ ಹಾಡನ್ನೇ ಊದಿಸಿ, ಪರೀಕ್ಷೆಗೆಂದು ಒಂದು ಗ್ರಾಮಫೋನ್ ಪ್ಲೇಟು ಮಾಡಿದ್ದರಂತೆ. ಅದು ಅಂಗಡಿಗೆ ಬರಲೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ತಂಗಿಯ ಮನೆಯಲ್ಲಿದ್ದ ಆ ಪ್ಲೇಟು ಕ್ಯಾಸೆಟ್ಟಿಗೆ ಇಳಿಸಿದ ವಾರದಲ್ಲೇ ಬಿರುಕು ಬಿಟ್ಟಿತ್ತು. ಇನ್ನು ಇದ್ದದ್ದು ಈ ಕ್ಯಾಸೆಟ್ ಮಾತ್ರ. ಕರೆಂಟು ಕೈಕೊಟ್ಟದ್ದರಿಂದ ಅವತ್ತು ಕಾಪಿ ಮಾಡಲಾಗಲಿಲ್ಲ. ನಾಳೆ ಬರ್ತೇನೆ ಎಂದು ನಮ್ಮ ಟೇಪ್ ರೆಕಾರ್ಡರಿನ ಮೇಲೆಯೇ ಇಟ್ಟುಹೋದರು.

ಈಗ ನಮ್ಮ ಮನೆಯ ಪದ್ಧತಿ ಹೇಳಬೇಕು. ಮೈಸೂರಿನಲ್ಲಿದ್ದ ನನ್ನ ಅತ್ತೆಗೆ ಪತ್ರವೆಂದರೆ ಆಗದು. ಮಗನ ದನಿಯೇ ಬೇಕು. ಇವರು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಅತ್ತೆ ಕೇಳಿ, ಅದೇ ಕ್ಯಾಸೆಟ್ಟಿನ ಮೇಲೆ ತಮ್ಮ ಉತ್ತರ ಮಾತಾಡಿ, ತಿರುಗಿ ಕಳಿಸುತ್ತಿದ್ದರು. ಹೋಗುವಾಗ ಮಗ, ಬರುವಾಗ ತಾಯಿ. ಗಲ್ಫಿನಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತಿತ್ತು.

ಅವತ್ತು ಸಂಜೆ ಬೆಂಗಳೂರಿಗೆ ಹೊರಟಿದ್ದ ಸಹೋದ್ಯೋಗಿಯ ಕೈಗೆ ನನ್ನ ಗಂಡ ಯಾವ ಕ್ಯಾಸೆಟ್ ಕೊಟ್ಟರು ಎಂದು ಹೇಳಬೇಕಾಗಿಲ್ಲ. ತಾಯಿಗೆಂದು ಮಾತಾಡಿಟ್ಟಿದ್ದ ಕ್ಯಾಸೆಟ್, ಮಹಡಿಯವರದು, ಎರಡೂ ಒಂದೇ ಕಂಪನಿಯವು. ವೆಸ್ಟ್ ಬೇಯ ಆಫೀಸಿನಲ್ಲಿ ಅಷ್ಟೊಂದು ಫೈಲು ಸಂಭಾಳಿಸುವ ಮನುಷ್ಯ, ಮನೆಯಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ನೆಕ್ಕಿಯೇ ನೋಡಬೇಕು.

ಮರುದಿನ ಸಂಗತಿ ತಿಳಿದಾಗ ಮಹಡಿಯವರು ಸೋಫಾದಲ್ಲಿ ಕುಸಿದರು. ಆಮೇಲೆ ಅವರೇ ಸಮಾಧಾನ ತಂದುಕೊಂಡು, "ಅಡ್ಡಿಲ್ಲ. ಅದರ ಮೂಲೆಯ ಪ್ಲಾಸ್ಟಿಕ್ ಚೂರು ಮುರಿದೇ ಕಳಿಸಿದ್ದಾರೆ. ಅದರ ಮೇಲೆ ರೆಕಾರ್ಡ್ ಮಾಡ್ಲಿಕ್ಕೆ ಆಗುದಿಲ್ಲ" ಎಂದರು.

ನಾನು ಗಂಡನ ಮುಖ ನೋಡಿದೆ, ಗಂಡ ಗೋಡೆ ನೋಡಿದರು. ಆ ತೂತಿಗೆ ಗಾಯದ ಪ್ಲಾಸ್ಟರ್ ಅಂಟಿಸಿ ಇಡೀ ದೇವರನಾಮದ ಕ್ಯಾಸೆಟ್ಟುಗಳನ್ನು ಅಳಿಸಿ ಮಾತಾಡಿದ್ದ ಮಹಾತಾಯಿ ನನ್ನ ಅತ್ತೆ.

ಅತ್ತೆಯ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಗೆ ಮಾಡಿ ಕರೆಸಬೇಕು. ಆ ಮನೆಯವರು ನೆಂಟರ ಮದುವೆಗೆ ಹೋಗಿದ್ದು, ಲೈನು ಸಿಗುವಷ್ಟರಲ್ಲಿ ವಾರ ಕಳೆದಿತ್ತು. ಮಹಡಿಯವರು ಪಕ್ಕದಲ್ಲೇ ನಿಂತಿದ್ದ ಕಾರಣಕ್ಕೋ ಏನೋ ನನ್ನ ಗಂಡ ಗಾಬರಿಯಲ್ಲಿ ಕುಶಲವನ್ನೂ ಕೇಳದೆ, "ಅಮ್ಮ, ಕ್ಯಾಸೆಟ್ಟಲ್ಲಿ ಮಾತಾಡಬೇಡ" ಎಂದುಬಿಟ್ಟರು.

"ಮಾತಾಡಬೇಡ ಅಂತ ಹೇಳೋಕೆ ಅಷ್ಟು ದೂರದಿಂದ ಫೋನ್ ಮಾಡಿದ್ಯೇನೋ? ಆಯ್ತು ಬಿಡಪ್ಪ" ಎಂದು ಅತ್ತೆ ಫೋನಿಟ್ಟರು. ಮತ್ತೆ ಮಾಡಿದರೆ, ಬರುವುದಿಲ್ಲವಂತೆ ಎಂದು ಪಕ್ಕದ ಮನೆಯಾಕೆ ಹೇಳಿದರು.

ಕ್ಯಾಸೆಟ್ ತಿರುಗಿ ಬರುವವರೆಗೆ ನಮ್ಮ ಮನೆಯಲ್ಲಿ ಶುಕ್ರವಾರಗಳು ಸಪ್ಪಗಾದವು. ಬಂದ ಮೇಲೂ ವಿಮಾನ ನಿಲ್ದಾಣದವರು ಕೇಳಿ ನೋಡಿ ಕೊಡುತ್ತೇವೆಂದು ಇಟ್ಟುಕೊಂಡರು. ಕೊನೆಗೆ ಅಲ್ಲಿಯ ಅಧಿಕಾರಿ ಅದನ್ನು ನನ್ನ ಗಂಡನ ಕೈಗಿಡುತ್ತ, "ಮಾಮಾ?" ಎಂದು ಕೇಳಿದನಂತೆ. ಇವರು ಹೌದೆಂದರು. "ಕಲಾಮ್ ವಾಜಿದ್" ಎಂದು ಕೈಯನ್ನು ಕೊಕ್ಕಿನಂತೆ ಆಡಿಸಿ, "ಖಲಾಸ್, ಯಲ್ಲಾ" ಎಂದು ಸಾಗಹಾಕಿದನಂತೆ. ಮಾತು ಜಾಸ್ತಿ, ಮುಗೀತು, ಹೊರಡು ಎಂದರ್ಥ. ಅದನ್ನು ಕೇಳಿ ಮಹಡಿಯವರ ಮುಖ ಬಿಳುಚಿತು.

ಮೊದಲ ಬದಿ ಹಾಕಿದೆವು. ಅಮೆರಿಕ ಮುಳುಗಿಹೋಗಿತ್ತು. "ನಿನ್ನ ದನಿ ಈಗ ಬರುತ್ತೆ, ಆಮೇಲೆ ಬರುತ್ತೆ ಅಂತ ಎರಡೂ ಕಡೆ ಪೂರ್ತಿ ಕೇಳಿದೆ ಕಣೋ. ಬರೀ ಹಾಡು ಕಳ್ಸಿದೀಯ. ಆ ಮೊದಲನೇ ಹುಡುಗಿಗೆ ಗಂಡನ ಮೇಲೆ ಕೋಪ ಇರಬೇಕು, ನ್ಯಾಯವಾಗೇ ಇದೆ" ಎಂದು ಶುರುಮಾಡಿದ ಅತ್ತೆ, ನಲ್ಲಿ ನೀರು, ಹುಣಿಸೆಹಣ್ಣಿನ ದರ, ನಾದಿನಿಯ ಸೊಸೆ ಎಲ್ಲವನ್ನೂ ಮುಗಿಸಿದರು.

"ಇವೆಲ್ಲ ಬೇರೆ ಕಡೆ ಸಿಗ್ತದೆ. ಈ ಬದಿಯದು ಸಿಗ್ತದೆ" ಎಂದು ಮಹಡಿಯವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕ್ಯಾಸೆಟ್ ತಿರುಗಿಸಲು ಅವರ ಕೈ ಬರಲಿಲ್ಲ. ನಾನೇ ತಿರುಗಿಸಿದೆ.

ಮತ್ತೆ ಅತ್ತೆ. ಮಹಡಿಯವರು ಕಣ್ಣು ಮುಚ್ಚಿಕೊಂಡರು.

"ಈ ಕಡೆ ಒಬ್ರು ಪೀಪಿ ಊದ್ತಾರೆ. ಉಸಿರು ಎಳಕೊಳ್ಳೋದೂ ಕೇಳ್ಸುತ್ತೆ, ಪಾಪ, ಎದೆಯಿಂದ ಊದ್ತಾರೆ. ದಿನಾ ಮಧ್ಯಾಹ್ನ ಕೇಳ್ತಿದೀನಿ. ನೀನು ಮಾತಾಡಬೇಡ ಅಂದೆ ಅಂತ ನಿಲ್ಲಿಸ್ತಿಲ್ಲ ಕಣೋ. ನಿನ್ನ ಮಾತು ನಾನ್ಯಾಕೆ ಕೇಳಲಿ? ಇಂಥವರು ಊದುವಾಗ ನಡುವೆ ಬಾಯಿ ಹಾಕಬಾರದು, ಅದಕ್ಕೆ."

ಟಕ್ ಎಂದಿತು. ಕ್ಲ್ಯಾರಿನೆಟ್ ಹಾಡಿನ ನಡುವಿನಿಂದ ಎದ್ದುಬಂತು. ಆರಂಭವನ್ನು ಅತ್ತೆ ನುಂಗಿದ್ದರು. ಉಳಿದದ್ದು ಹಾಗೇ ಇತ್ತು. ಉಸಿರೂ ಇತ್ತು. ನಾನು ಅತ್ತೆಯ ಮೇಲಿನ ಇಷ್ಟು ವರ್ಷಗಳ ಸಿಟ್ಟನ್ನು ಅವತ್ತಿನ ಮಟ್ಟಿಗೆ ಬಿಟ್ಟುಕೊಟ್ಟೆ.

ಮುಗಿದ ಮೇಲೆ ಮಹಡಿಯವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ತುಂಬ ಹೊತ್ತು ಒರೆಸಿದರು. "ಆ ಉಸಿರು ಕೇಳ್ತದೆ ಅಂತಲೇ ಕಂಪನಿಯವರು ಬೇಡ ಅಂದದ್ದು, ಮಾರಾಯ್ರೆ. ಅಪ್ಪ ಮತ್ತೆ ಯಾವ ಕಂಪನಿಯ ಮೆಟ್ಟಿಲೂ ಹತ್ತಲಿಲ್ಲ."

ಕಾಪಿ ಮಾಡಲು ನನ್ನ ಗಂಡ ಕ್ಲ್ಯಾರಿನೆಟ್ ಶುರುವಾಗುವ ಜಾಗ ಹುಡುಕುತ್ತಿದ್ದರು. ಮಹಡಿಯವರು ಅವರ ಕೈ ಹಿಡಿದರು.

"ಅಲ್ಲಿಂದ ಬೇಡ. ನಿಮ್ಮ ಅಮ್ಮನವರ ಮಾತಿನಿಂದ ಹಾಕಿ."