ಡಬ್ಬಿ ಸಿಸ್ಟರ್ ಮತ್ತು ಅಪ್ಪನ ಜಾಣತನ

ನನ್ನ ಸೋದರತ್ತೆ ನಮ್ಮ ಬೀದಿಯ ಸರ್ಕಾರಿ ಚಿಕಿತ್ಸಾಲಯದಲ್ಲಿ ನರ್ಸ್. ಎಲ್ಲರೂ ಅವಳನ್ನು ಕರೆಯುವುದು ಡಬ್ಬಿ ಸಿಸ್ಟರ್ ಎಂದು. ಬಿಪಿಯವರು ಬರಲಿ, ಸಕ್ಕರೆ ಕಾಯಿಲೆಯವರು ಬರಲಿ, ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೈಗಿಟ್ಟು "ಬೆಳಗಿನ ಮೊದಲನೇ ಮೂತ್ರ ತನ್ನಿ" ಎನ್ನುವುದು ಅವಳ ಪದ್ಧತಿ. ರಕ್ತ ಕೊಡಲು ಧೈರ್ಯವಾಗಿ ಬೆರಳು ಚಾಚುವ ಗಂಡಸರು ಡಬ್ಬಿ ಕಂಡೊಡನೆ ನೆಲ ನೋಡುತ್ತಿದ್ದರು. ಅತ್ತೆ ಬಿಡುವ ಪೈಕಿ ಅಲ್ಲ. "ಕಿಡ್ನಿ ಕೂಗಿ ಹೇಳಲ್ಲ ಕಣ್ರೀ. ಕಾಲು ಊದೋ ಹೊತ್ತಿಗೆ ಮುಕ್ಕಾಲು ಕೆಟ್ಟಿರುತ್ತೆ. ನಾವೇ ಹೋಗಿ ವಿಚಾರಿಸ್ಕೋಬೇಕು" ಎನ್ನುವಳು. ಡಾಕ್ಟರಮ್ಮನೂ ಅವಳ ಪರವೇ. ಪರೀಕ್ಷೆಯ ಸ್ಟ್ರಿಪ್‌ಗಳು ಮುಗಿಯದಂತೆ ಅವರೇ ನೋಡಿಕೊಳ್ಳುತ್ತಿದ್ದರು.

ಅತ್ತೆಯ ಕೈಗೆ ಸಿಗದೆ ನುಣುಚಿಕೊಳ್ಳುತ್ತಿದ್ದವನು ಅವಳ ಸ್ವಂತ ಅಣ್ಣ, ಅಂದರೆ ನಮ್ಮಪ್ಪ. ಅಪ್ಪ ಬಸ್ ಡ್ರೈವರ್, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವನು. ಕಿಡ್ನಿಯಲ್ಲೂ ಏನಾದರೂ ಸಿಕ್ಕರೆ ಡಿಪೋದವರು ಸ್ಟಿಯರಿಂಗ್ ಬಿಡಿಸಿ ಮೂಲೆಯಲ್ಲಿ ಕೂರಿಸುತ್ತಾರೆ ಎಂಬ ಭಯ ಅವನಿಗೆ. ಕೊನೆಗೆ ಅತ್ತೆ ಮನೆಗೇ ಬಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಹೋದಳು. ಅಪ್ಪ ತಲೆ ಓಡಿಸಿದ. ಅಮ್ಮ ಗಟ್ಟಿಗಿತ್ತಿ. ಹೊಲಿಗೆ ಮೆಷಿನ್ ಮುಂದೆ ಕೂತರೆ ಏಳುವವಳಲ್ಲ, ಹುಷಾರಿಲ್ಲವೆಂದು ಮಲಗಿದ್ದನ್ನು ನಾನು ಕಂಡಿಲ್ಲ. ಸೊಂಟ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದಳು, ಅಷ್ಟೇ.

"ನೀನೇ ತುಂಬ್ಸಿ ಕೊಡೆ. ನಿಂದು ಕಲ್ಲಿನಂಥ ದೇಹ" ಎಂದ. ಬೆಳಿಗ್ಗೆ ಅಮ್ಮ ನಗುನಗುತ್ತಾ ತುಂಬಿಸಿ ಕೊಟ್ಟಳು, ಅಪ್ಪ ಅದನ್ನು ತನ್ನದೆಂದೇ ಚಿಕಿತ್ಸಾಲಯಕ್ಕೆ ಕೊಟ್ಟು ಬಂದ.

ಅಂದು ಸಂಜೆ ನಾವು ಊಟಕ್ಕೆ ಕೂತಿದ್ದಾಗ ಅತ್ತೆ ಹೆಗಲಿನ ಬ್ಯಾಗನ್ನೂ ಇಳಿಸದೆ ಒಳಗೆ ಬಂದಳು.

"ಅಣ್ಣ, ಹಳದಿ ಸ್ಟ್ರಿಪ್ ಹಸಿರಾಯ್ತು. ನಿನ್ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ, ಅಂದ್ರೆ ಕಿಡ್ನಿ ಸೋರ್ತಿದೆ. ನಾಳೆ ರಕ್ತ ಕೊಡ್ಬೇಕು, ನೆಪ ಹೇಳಿದ್ರೆ ನಾನ್ ಸುಮ್ನಿರಲ್ಲ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ನೌಕರಿ ಹೋಗಿದ್ದರೂ ಅವನ ಮುಖ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ. ಅವನು ತಂಗಿಯ ಕಡೆ ತಿರುಗಲಿಲ್ಲ, ಅಮ್ಮನನ್ನೇ ನೋಡಿದ.

"ಅದು ನಂದಲ್ಲ" ಎಂದ.

"ಮತ್ತೆ ಯಾರ್ದು, ಕಂಡಕ್ಟರ್‌ದಾ?"

"ನಂದು ಕಣೇ" ಎಂದಳು ಅಮ್ಮ. ನೀರಿನ ಜಗ್ಗು ಅವಳ ಕೈಯಲ್ಲೇ ಇತ್ತು.

ಅತ್ತೆ ಅಣ್ಣನ ಜನ್ಮ ಜಾಲಾಡುತ್ತಾಳೆ ಎಂದುಕೊಂಡೆ. ಅವಳು ದೊಪ್ಪನೆ ಕುರ್ಚಿಯಲ್ಲಿ ಕುಸಿದಳು. "ಊರೋರಿಗೆಲ್ಲ ಡಬ್ಬಿ ಹಿಡ್ದೆ. ಬಂದಾಗಲೆಲ್ಲ ಅತ್ತಿಗೆ ಕೈಯೂಟ ಉಂಡು ಹೋದೆ. ಒಂದ್ಸಲನಾದ್ರೂ ಬಿಪಿ ನೋಡ್ಲಿಲ್ವಲ್ಲ!" ಎಂದಳು. ನನಗೆ ಅಳು ಬಂತು. ಅಮ್ಮನಿಗೂ ಏನಾದರೂ ಆಗಬಹುದು ಎಂಬುದು ಆವರೆಗೆ ನನ್ನ ತಲೆಗೇ ಬಂದಿರಲಿಲ್ಲ.

ಅತ್ತೆ ಕೊರಗುತ್ತಾ ಕೂರುವವಳಲ್ಲ. ಬ್ಯಾಗಿನಿಂದ ಬಿಪಿ ಯಂತ್ರ ತೆಗೆದು ಅಮ್ಮನದನ್ನು ಅಲ್ಲೇ ನೋಡಿದಳು. ಬಿಪಿ ಏರಿ ಕೂತಿತ್ತು. ರಕ್ತ ಪರೀಕ್ಷೆಯಾಯಿತು, ಕೆಲವು ತಿಂಗಳು ಬಿಟ್ಟು ಮೂತ್ರವನ್ನು ಮತ್ತೆ ನೋಡಿದರು. "ಕಿಡ್ನಿಗೆ ಪೆಟ್ಟು ಬಿದ್ದಿದೆ. ಆದ್ರೆ ಈಗಷ್ಟೇ ಶುರು, ಹಿಡಿದು ನಿಲ್ಲಿಸ್ಬಹುದು" ಎಂದರು ಡಾಕ್ಟರಮ್ಮ. ಕಿಡ್ನಿಗೆ ಕೇಡೆಂದು ಸೊಂಟ ನೋವಿನ ಮಾತ್ರೆ ಕಸದಬುಟ್ಟಿ ಸೇರಿತು, ಅಡುಗೆಗೆ ಉಪ್ಪು ಕಡಿಮೆಯಾಯಿತು, ಬಿಪಿ ಮಾತ್ರೆಗೆ ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ಜಾಗ ಸಿಕ್ಕಿತು. ಅಪ್ಪ ಬಾಯಿ ಮುಚ್ಚಿಕೊಂಡು ತನ್ನದನ್ನೂ ಕೊಟ್ಟ. ಅವನ ಕಿಡ್ನಿ ಚೆನ್ನಾಗಿಯೇ ಇತ್ತು, ಪುಣ್ಯಾತ್ಮ ಸುಮ್ಮನೆ ಹೆದರಿದ್ದ.

ಇದಾಗಿ ವರ್ಷಗಳಾದವು. ಅಮ್ಮನ ಕಾಯಿಲೆ ಇದ್ದಲ್ಲೇ ನಿಂತಿದೆ, ಮೆಷಿನ್ ಓಡುತ್ತಲೇ ಇದೆ. ಅತ್ತೆ ಈಗ ಗಂಡಸರಿಗೆ ಡಬ್ಬಿ ಕೊಡುವಾಗ "ಮನೆಯವ್ರನ್ನೂ ಕರ್ಕೊಂಡ್ಬನ್ನಿ, ಅವ್ರ ಬಿಪಿನೂ ನೋಡ್ತೀನಿ" ಎನ್ನುತ್ತಾಳೆ.

"ನಾನು ಮೋಸ ಮಾಡಿದ್ದಕ್ಕೇ ಇವಳದು ಗೊತ್ತಾಯ್ತು" ಎಂದು ಅಪ್ಪ ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಾನೆ. ಅತ್ತೆ ಹಲ್ಲು ಕಡಿಯುತ್ತಾಳೆ. ಆದರೆ ಅಮ್ಮನ ಪರೀಕ್ಷೆಯ ದಿನ ಅವನು ತಪ್ಪದೆ ರಜೆ ಹಾಕಿ, ಚಿಕಿತ್ಸಾಲಯದ ಬೆಂಚಿನ ಮೇಲೆ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಾನೆ. ಪಕ್ಕದ ಗಂಡಸರು ಮುಸಿಮುಸಿ ನಕ್ಕರೆ, "ನನ್ ಹೆಂಡ್ತೀದು ಕಣ್ರೀ" ಎನ್ನುತ್ತಾನೆ, ಎಲ್ಲರಿಗೂ ಕೇಳುವಂತೆ.