ಪಲ್ಪರ್ ಬ್ಯಾಂಡಿನ ಅರ್ಧ ಹಾಡು

ಹೋದ ಭಾನುವಾರ ನನ್ನದೇ ಹಳೆಯ ಅಂಕಣವೊಂದನ್ನು ಗಟ್ಟಿಯಾಗಿ ಓದಿದೆ. ತಪ್ಪುತಪ್ಪಾಗಿ ಓದಿದೆ. ಬೇಕೆಂದೇ.

ಓದಿದ್ದು ಅಮ್ಮತ್ತಿ ಹತ್ತಿರದ ಎಸ್ಟೇಟಿನಲ್ಲಿ, ಕೆಲಸಗಾರರ ಸಾಲಿನ ಒಂದು ಲೈನ್ ಮನೆಯಲ್ಲಿ. ಓದಿಸಿದವರು ಲೀಲಮ್ಮ. ಹದಿನೈದು ದಿನದ ಹಿಂದೆ ಅವರ ಮಗ ಬಿಜು ತೀರಿಕೊಂಡ. ಮೂವತ್ತನಾಲ್ಕು ವಯಸ್ಸು. ಎದೆನೋವು ಅಂದವನನ್ನು ಜೀಪಿಗೆ ಹಾಕಿಕೊಂಡು ಮೈಸೂರಿಗೆ ಹೊರಟರು, ಹುಣಸೂರು ಮುಟ್ಟಲಿಲ್ಲ. (ದೊಡ್ಡ ಆಸ್ಪತ್ರೆಯಿಲ್ಲದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಬಿಜು ಆ ಎಸ್ಟೇಟಿನ ಪಲ್ಪರ್ ನಡೆಸುತ್ತಿದ್ದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಪಿಕ್ಕಿಂಗ್, ಅಂದರೆ ಕೊಯ್ಲು, ಮುಗಿದ ಮೇಲೆ ಸುಮ್ಮನಾಗುತ್ತದಲ್ಲ, ಆಗ ಅದೇ ಶೆಡ್ಡಿನಲ್ಲಿ ಇವನ ಬ್ಯಾಂಡ್ ಶುರು. ಹೆಸರೂ ‘ಪಲ್ಪರ್’. ಬಾಸ್ ಗಿಟಾರ್ ಹಿಡಿದು ಹಾಡುವವನು ಬಿಜು. ಇನ್ನೊಂದು ಗಿಟಾರಿಗೆ ತೋಟದ ಸಾಹುಕಾರರ ಮಗ ದಿನೇಶ, ಡ್ರಮ್ಸಿಗೆ ಮೂರ್ನಾಡಿನ ಒಬ್ಬ ಮೆಕ್ಯಾನಿಕ್. ರೆಗ್ಗೆಯನ್ನೂ ಹೆವಿ ಮೆಟಲ್ಲನ್ನೂ ಕಲಸಿ ನುಡಿಸುತ್ತಿದ್ದರು. ಕಾಲೇಜ್ ಡೇ, ಹೋಮ್‌ಸ್ಟೇ ಪಾರ್ಟಿ, ಎರಡು ಮದುವೆ. ಮತ್ತೆ ಪಿಕ್ಕಿಂಗ್ ಬಂತೆಂದರೆ ಬ್ಯಾಂಡಿಗೆ ರಜೆ.

ನಾನೂ ಒಮ್ಮೆ ಕೇಳಲು ಹೋಗಿದ್ದೆ. ಕೇಳಲು ಅಂದರೆ? ಶೆಡ್ಡಿನ ಹೊರಗೆ, ಸ್ಕೂಟರ್ ಕೂಡ ಆಫ್ ಮಾಡದೆ, ಅರ್ಧ ಹಾಡು. ಮರುವಾರ ಬರೆದೇಬಿಟ್ಟೆ: ಇವರು ರೆಗ್ಗೆಯಲ್ಲಿ ತೂಗಿ ಮಗುವನ್ನು ಮಲಗಿಸುತ್ತಾರೆ, ಮೆಟಲ್ಲಿನಲ್ಲಿ ಕಿರುಚಿ ತಾವೇ ಎಬ್ಬಿಸುತ್ತಾರೆ. ಆನೆ ಬಂದರೂ ಕದಲದ ಎಸ್ಟೇಟಿನ ನಾಯಿ ಇವರ ಮೊದಲ ಹಾಡಿಗೇ ಓಡಿಹೋಗಿ ಗೋಣಿಕೊಪ್ಪದ ಬಸ್ಸಿಗೆ ಕಾಯುತ್ತಿತ್ತು!

ನೀವೆಲ್ಲ ಫೋನ್ ಮಾಡಿ ನಕ್ಕಿರಿ. ನಾನು ಉಬ್ಬಿಹೋದೆ. (ಅಲ್ಲಿ ನಾಯಿಯೇ ಇರಲಿಲ್ಲ. ಈಗ ಹೇಳುತ್ತಿದ್ದೇನೆ.)

ಬಿಜು ಸತ್ತ ದಿನ ದಿನೇಶ ನನ್ನನ್ನು ಪಕ್ಕಕ್ಕೆ ಕರೆದು, ಸಿಟ್ಟಿಲ್ಲದೆಯೇ ಹೇಳಿದ. ಆ ಲೇಖನ ಬಂದ ವಾರವೇ ಹುದಿಕೇರಿಯ ಪ್ರೋಗ್ರಾಂ ಕ್ಯಾನ್ಸಲ್ ಆಯಿತಂತೆ. ಆಮೇಲೆ ಎಲ್ಲಿ ಕೇಳಿದರೂ, ಓಹೋ, ನಾಯಿ ಓಡಿಸಿದ ಬ್ಯಾಂಡಾ ಅನ್ನುವ ಮಾತು. ಡ್ರಮ್ಸಿನವನು ಬಿಟ್ಟ. ಮರುವರ್ಷ ಪಿಕ್ಕಿಂಗ್ ಮುಗಿದರೂ ಶೆಡ್ಡಿನಲ್ಲಿ ಸದ್ದಿಲ್ಲ. ಈಗ ಉಳಿದಿರುವುದು ದಿನೇಶನ ಮೊಬೈಲಿನಲ್ಲಿ ಅರೆ ನಿಮಿಷದ ಒಂದು ತುಣುಕು.

ಇಷ್ಟು ತಿಳಿದ ಮೇಲೆ ಸುಮ್ಮನಿರಲಾಗದೆ ಭಾನುವಾರ ಲೀಲಮ್ಮನವರ ಮನೆಗೆ ಹೋದೆ. ಅವರು ಪ್ಲಾಸ್ಟಿಕ್ ಕವರಿನಿಂದ ಒಂದು ಪೇಪರ್ ಕಟಿಂಗ್ ತೆಗೆದರು. ನನ್ನದೇ! ಮನೆಮಾತು ಮಲಯಾಳ, ಮಗನನ್ನು ‘ಮೋನ್’ ಅನ್ನುತ್ತಾರೆ. ಕನ್ನಡ ಆಡುತ್ತಾರೆ, ಓದಲು ಬಾರದು.

“ನನ್ನ ಮೋನ್ ಬಗ್ಗೆ ಪೇಪರಲ್ಲಿ ಬಂದದ್ದು ಇದೊಂದೇ ಸಾರ್. ಸ್ವಲ್ಪ ಓದಿ.”

ಮಗ ಹೋದ ತಾಯಿಯ ಮುಂದೆ ಆ ಗೇಲಿಯನ್ನು ಹೇಗೆ ಓದಲಿ? ಕಿರುಚಾಟ ತೆಗೆದೆ. ಒಳ್ಳೆಯ ಕಂಠ ಅಂತ ಸೇರಿಸಿದೆ. ನಾಯಿ ಓಡುವ ಜಾಗದಲ್ಲಿ ಜನರಿಂದ ಚಪ್ಪಾಳೆ ತಟ್ಟಿಸಿದೆ. ಓದಿ ಮುಗಿಸಿ ತಲೆ ಎತ್ತಿದರೆ ಲೀಲಮ್ಮ ನನ್ನನ್ನೇ ನೋಡುತ್ತಿದ್ದರು.

“ನಾಯಿ ಎಲ್ಲಿ ಸಾರ್?”

ನಾನು ಕಟಿಂಗನ್ನು ಮತ್ತೆ ಮುಖಕ್ಕೆ ಅಡ್ಡ ಹಿಡಿದೆ.

“ಮೋನ್ ಓದುವಾಗ ನಾಯಿ ಬಸ್ಸಿಗೆ ಕಾಯ್ತದೆ. ಅಲ್ಲಿಗೆ ಬಂದ್ರೆ ಅವ ನಗ್ತಿದ್ದ, ನಾನೂ ನಗ್ತಿದ್ದೆ. ನೀವು ಸರಿ ಓದಿ.”

ಸರಿಯಾಗಿ ಓದಿದೆ. ಒಂದಕ್ಷರ ಬಿಡಲಿಲ್ಲ. ನಾಯಿ ಬಂದಾಗ ಲೀಲಮ್ಮ ನಕ್ಕರು, ನಗುತ್ತಲೇ ಸೆರಗು ಮುಖಕ್ಕೆ ಒತ್ತಿಕೊಂಡರು. ನನಗೂ ಅಳು ತಡೆಯಲಾಗಲಿಲ್ಲ. ಅವನು ನಿಜಕ್ಕೂ ನಗುತ್ತಿದ್ದನೋ, ಅಮ್ಮನಿಗೆ ನೋವಾಗದಿರಲಿ ಎಂದು ನಗುತ್ತಿದ್ದನೋ? ಅವನಿದ್ದಾಗಲೇ ಬಂದು ಕೇಳಬೇಕಿತ್ತು. ಎಸ್ಟೇಟ್ ಗೇಟಿನಿಂದ ನನ್ನ ಮನೆಗೆ ಎಷ್ಟು ದೂರ? ಸ್ಕೂಟರಿನಲ್ಲಿ ಅರ್ಧ ಗಂಟೆ.

ಅರ್ಧ ಹಾಡು ಕೇಳಿ ಇಡೀ ಅಂಕಣ ಬರೆದವನು ನಾನು. ಉಳಿದರ್ಧವನ್ನು ಈಗ ಯಾರ ಹತ್ತಿರ ಕೇಳಲಿ?