ಮುಟ್ಟದೆ ಬಿಟ್ಟ ಶರಬತ್ತು

ತೊಕ್ಕೊಟ್ಟಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ನಮ್ಮ ವ್ಯಾಪಾರದಲ್ಲಿ ಮಾತು ಗಟ್ಟಿಯಾಗುವುದು ಕಾಗದದಲ್ಲಲ್ಲ, ತಂಪು ಬಾಟಲಿಯಲ್ಲಿ. ಮಾತು ಕುದುರಿದರೆ ಇಬ್ಬರೂ ಕುಡಿಯುತ್ತೇವೆ. ಎದುರಿನವನು ಬಾಟಲಿ ಮುಟ್ಟದೆ ಎದ್ದರೆ ಅವನಿಗೆ ಮನಸ್ಸಿಲ್ಲವೆಂದೇ ಅರ್ಥ. ಹೀಗೆ ದಿನಕ್ಕೆ ನಾಲ್ಕೈದು ಬಾಟಲಿ ಇಳಿಸಿದವನಿಗೆ ಸಕ್ಕರೆ ಕಾಯಿಲೆ ಬಾರದೆ ಮತ್ತೇನು ಬರುತ್ತದೆ? ಡಾಕ್ಟರು ಚೆನ್ನಾಗಿ ಬೈದರು. ನಾನು ತಲೆಯಾಡಿಸಿ ಹೊರಬಂದು, ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಕಿತ್ತಳೆ ಬಾಟಲಿ ಮುಗಿಸಿದೆ.

ನಾಲಗೆಯ ಬಣ್ಣ ನೋಡಿಯೇ ಮಗಳು ಹಿಡಿದಳು. ಬೈಯಲಿಲ್ಲ, ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಮಿದುಳಿಗೆ ತರಬೇತಿಯಂತೆ! ಚಿತ್ರಗಳು ಸರಸರನೆ ಬರುತ್ತವೆ. ನೀರು, ಎಳನೀರಿನ ಬೊಂಡ ಬಂದರೆ ಥಟ್ಟನೆ ಒತ್ತಬೇಕು. ಕೋಲಾ, ಶರಬತ್ತು ಬಂದರೆ ಕೈಕಟ್ಟಿ ಕೂರಬೇಕು. ಮೊದಲ ದಿನ ನಾನು ಒಂದು ಕೋಲಾವನ್ನೂ ಬಿಡಲಿಲ್ಲ. ಮಗಳು ಬಿದ್ದು ಬಿದ್ದು ನಕ್ಕಳು. ನನಗೋ ಉರಿದುಹೋಯಿತು. ಮರುದಿನದಿಂದ ಗಿರಾಕಿಗಳನ್ನು ಕಾಯಿಸಿ ಕೌಂಟರಿನ ಹಿಂದೆ ಕುಳಿತು ಆಡಿದೆ. ಎರಡು ತಿಂಗಳಲ್ಲಿ ಆಸೆ ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ, ಆದರೆ ಬಾಟಲಿ ಕಂಡರೆ ಕೈ ತಾನಾಗಿ ಹಿಂದೆ ಸರಿಯತೊಡಗಿತು. ಅಂಗಡಿಗೆ ಬಂದವರಿಗೆಲ್ಲ ಬೊಂಡ ತರಿಸತೊಡಗಿದೆ.

ಅಷ್ಟರಲ್ಲಿ ಮಗಳಿಗೊಂದು ಸಂಬಂಧ ಬಂತು. ಹುಡುಗನ ತಂದೆಗೆ ಬೈಕಂಪಾಡಿಯಲ್ಲಿ ವರ್ಕ್‌ಶಾಪ್. ಮಗಳು ಬಾಯಿಬಿಟ್ಟು ಹೇಳದಿದ್ದರೂ ಹುಡುಗ ಹಿಡಿಸಿದ್ದಾನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾತು ಪಕ್ಕಾ ಮಾಡಲು ನಾನೂ ಭಾವನೂ ಹೊರಟಾಗ ಹೆಂಡತಿ ಎಚ್ಚರಿಸಿದಳು: ನಿಮ್ಮ ಸಕ್ಕರೆಯ ಸುದ್ದಿ ಎತ್ತಬೇಡಿ, ನಾಳೆ ಹುಡುಗಿಗೂ ಬಂದೀತೆಂದು ಹೆದರಿಯಾರು.

ಮಾತುಕತೆ ಚೆನ್ನಾಗಿಯೇ ಮುಗಿಯಿತು. ಹುಡುಗನ ತಾಯಿ ಗುಲಾಬಿ ಶರಬತ್ತು ತಂದಿಟ್ಟರು. ನಮ್ಮಂಥ ವ್ಯಾಪಾರಿಗಳಲ್ಲಿ ಮದುವೆ ಮಾತಿಗೂ ಬಾಟಲಿಯದೇ ರೂಢಿ. ಒಂದು ಗುಟುಕು ಕುಡಿದರೆ ಸಂಬಂಧ ಗಟ್ಟಿ. ಕುಡಿಯಲೆಂದೇ ಕೈ ಚಾಚಿದೆ. ಹಾಳು ಕೈ, ಶರಬತ್ತನ್ನು ದಾಟಿ ಪಕ್ಕದ ನೀರಿನ ಲೋಟ ಹಿಡಿಯಿತು. ಗಟಗಟನೆ ಕುಡಿದು, ಆಟ ಗೆದ್ದ ಖುಷಿಯಲ್ಲಿ ತಲೆಯೆತ್ತಿದರೆ ಎಲ್ಲರ ಕಣ್ಣೂ ನಾನು ಮುಟ್ಟದ ಶರಬತ್ತಿನ ಮೇಲೆ. ಭಾವ ನನ್ನ ಕಾಲು ತುಳಿದ. ಹುಡುಗನ ತಂದೆ ತಮ್ಮ ಲೋಟ ಕೆಳಗಿಟ್ಟರು.

“ನಿಮಗೆ ಮನಸ್ಸಿಲ್ಲದಿದ್ರೆ ಹೇಳಿಬಿಡಿ. ನಮಗೆ ಬೇಜಾರು ಎಂತ ಇಲ್ಲ,” ಎಂದರು.

ಮಗಳ ಮುಖ ಕಣ್ಣೆದುರು ಬಂತು. ಹೆಂಡತಿಯ ಎಚ್ಚರಿಕೆಯನ್ನು ಗಾಳಿಗೆ ತೂರಿ ಫೋನು ತೆಗೆದು ಆಟ ತೋರಿಸಿದೆ. ಡಾಕ್ಟರು, ಸಕ್ಕರೆ, ಕಿತ್ತಳೆ ನಾಲಗೆ, ಒಂದನ್ನೂ ಬಿಡದೆ ಒದರಿದೆ.

ಹುಡುಗನ ತಾಯಿ ಒಮ್ಮೆ ಗಂಡನ ಮುಖ ನೋಡಿದರು. “ನನಗೂ ಸಕ್ಕರೆ ಉಂಟು. ನಿಮ್ಮ ಹತ್ರ ಹೇಳ್ಬಾರ್ದು ಅಂತ ಇವರೇ ಹೇಳಿದ್ದು,” ಎಂದರು.

ಆಮೇಲೆ ಆ ಆಟವನ್ನು ತಮ್ಮ ಫೋನಿಗೂ ಹಾಕಿಸಿಕೊಂಡು, ಶರಬತ್ತನ್ನೆಲ್ಲ ಒಳಗೊಯ್ದು ನೀರು ತಂದರು. ನೀರು ಕುಡಿದೇ ಸಂಬಂಧ ಗಟ್ಟಿ ಮಾಡಿದೆವು. ಭಾವ ಮಾತ್ರ ಒಳಗೆ ಹೋದ ಶರಬತ್ತಿಗಾಗಿ ದಾರಿಯುದ್ದಕ್ಕೂ ನನ್ನನ್ನು ಬೈದ.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು.

“ಶರಬತ್ತು ಕುಡಿದ್ರಾ ಉಪ್ಪ?”

“ಮುಟ್ಟಲೇ ಇಲ್ಲ,” ಎಂದೆ ಎದೆಯುಬ್ಬಿಸಿ. ಶಹಬ್ಬಾಸ್ ಎನ್ನುತ್ತಾಳೆಂದು ಕಾದೆ.

ಅವಳ ಮುಖ ಸಣ್ಣದಾಯಿತು. ಕಣ್ಣು ತುಂಬಿಕೊಂಡಿತು. ಆದರೂ ನನ್ನ ತೋಳು ಹಿಡಿದು, “ಒಳ್ಳೆದಾಯ್ತು ಉಪ್ಪ, ನಿಮ್ಮ ಸಕ್ಕರೆ ಏರ್ಲಿಲ್ಲ ಅಲ್ವಾ,” ಎಂದಳು.

ನನ್ನ ದಡ್ಡತನ ನನಗೆ ಆಗ ಹೊಳೆಯಿತು. ಒಳಗೆ ಹೊರಟವಳನ್ನು ಹಿಡಿದು ನಿಲ್ಲಿಸಿ ನೀರು ಕುಡಿದೇ ಸಂಬಂಧ ಗಟ್ಟಿಯಾದದ್ದನ್ನು ಹೇಳುವಷ್ಟರಲ್ಲಿ ನಾನೇ ಅತ್ತುಬಿಟ್ಟಿದ್ದೆ.